ಆರುನೂರೈವತ್ತು ಪದಗಳಲ್ಲಿ ಒಂದು ಸೋಲು

ನೀಲಿ ಶಾಯಿಯಲ್ಲೇ ಸಹಿ ಮಾಡಬೇಕು, ಕಪ್ಪು ನಡೆಯುವುದಿಲ್ಲ, ಸಹಿ ಚೌಕದ ಗೆರೆಯನ್ನು ಮುಟ್ಟಬಾರದು, ತಿದ್ದಿ ಬರೆದರೆ ಅರ್ಜಿಯೇ ರದ್ದು, ಕಾಗದವನ್ನು ಮಡಚಬಾರದು. ಇಷ್ಟನ್ನೂ ಮಗಳು ಸುಧಾರಾಣಿ ಬೆಳಿಗ್ಗೆ ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ ಎರಡೆರಡು ಸಲ ಹೇಳಿದ್ದಳು. ಇಪ್ಪತ್ತೆರಡು ವರ್ಷ ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ, ಎಷ್ಟು ಸಾವಿರ ಅಂಕಪಟ್ಟಿಗಳಿಗೆ ಸಹಿ ಹಾಕಿದ್ದೇನೆಂದು ತನಗೇ ಲೆಕ್ಕವಿಲ್ಲದ ಲಕ್ಷ್ಮಣನಿಗೆ, ಸಹಿ ಹಾಕುವುದು ಹೇಗೆಂದು ಹದಿನೇಳರ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳುವ ತಾಳ್ಮೆ ಆರೂಕಾಲು ಗಂಟೆಯ ಹೊತ್ತಿಗೆ ಇರಲಿಲ್ಲ. "ಓದದ ನಾ ಎಲ್ಲೂ ಸಹಿ ಮಾಡೂದಿಲ್ಲ. ಕೊಡಿಲ್ಲಿ, ಬಸ್ಸಿನ್ಯಾಗ ಓದ್ತೇನಿ," ಎಂದು ಅವಳ ಕೈಯಿಂದ ಕಿತ್ತುಕೊಂಡಂತೆ ಆ ಹದಿನಾಲ್ಕು ಹಾಳೆಗಳನ್ನು ತೆಗೆದುಕೊಂಡಿದ್ದ. "ಇವತ್ತ ಸಂಜೀ ಆರಕ್ಕ ಆನ್‌ಲೈನ್ ಬಂದ್ ಆಗ್ತೈತಿ ಅಪ್ಪಾ. ನೀ ಬರೂದು ತಡಾ ಆದ್ರ?" "ಶನಿವಾರ, ಅರ್ಧಾ ದಿನದ ಸಾಲಿ. ಎರಡಕ್ಕ ಮನ್ಯಾಗ ಇರ್ತೇನಿ." "ಮಡಚಬ್ಯಾಡ ಮತ್ತ." ಮೂರನೇ ಸಲ. ಅವನು ಬಾಗಿಲು ಎಳೆದುಕೊಂಡದ್ದು ಸ್ವಲ್ಪ ಜೋರಾಗಿಯೇ ಆಯಿತು.

ಬಾಗಲಕೋಟೆಯ ನವನಗರದ ನಿಲ್ದಾಣದಲ್ಲಿ ಹುನಗುಂದದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ಊಟದ ಡಬ್ಬಿಯ ಚೀಲದ ಮೇಲೆ ಹಾಳೆಗಳನ್ನು ಹರಡಿಕೊಂಡು ಅವನು ಓದತೊಡಗಿದಾಗ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಿಟ್ಟು ಮಗಳ ಮೇಲಿನದಲ್ಲ; ಮೂರು ತಿಂಗಳಿಂದ ಮನೆಯೊಳಗೆ ನೆಂಟನ ಹಾಗೆ ಬಂದು ಕೂತುಬಿಟ್ಟಿದ್ದ ಈ ಅರ್ಜಿಯ ಮೇಲಿನದು. ದಿಲ್ಲಿಯ ಆಚೆ ಎಲ್ಲೋ ಒಂದು ವಿಶ್ವವಿದ್ಯಾಲಯ. ನೂರು ಜನ ಅರ್ಜಿ ಹಾಕಿದರೆ ನಾಲ್ವರನ್ನು ತೆಗೆದುಕೊಳ್ಳುತ್ತಾರಂತೆ. ಹುಡುಗಿ ಎಸೆಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದಿದ್ದಳು. ಅದನ್ನು ಬರೆಯಲು ಅವರು ಕೊಟ್ಟಿದ್ದ ಜಾಗ ಹೆಬ್ಬೆರಳಿನ ಉಗುರಿನಷ್ಟು. ಮಿಕ್ಕ ಹಾಳೆಗಳ ತುಂಬ ಬೇರೆ ಏನೇನೋ. ನಿಮ್ಮನ್ನು ಮೂರು ಶಬ್ದಗಳಲ್ಲಿ ವರ್ಣಿಸಿಕೊಳ್ಳಿ. ಹೊತ್ತು ಹೋದದ್ದೇ ತಿಳಿಯದಂತೆ ಮಾಡುವ ಸಂಗತಿ ಯಾವುದು? ನಿಮ್ಮ ಓಣಿಯ ಒಂದು ಸದ್ದನ್ನು ವಿವರಿಸಿ. ಓಣಿಯ ಸದ್ದಿಗೂ ಕಾಲೇಜಿಗೂ ಏನು ಸಂಬಂಧ ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಅವಳು, "ನಾವು ಎಂಥಾ ಮನಷಾರು ಅಂತ ನೋಡ್ತಾರಂತ ಅಪ್ಪಾ," ಎಂದಿದ್ದಳು. ಎಂಥ ಮನುಷ್ಯರು ಅಂತ ನೋಡಲು ಅವರು ಯಾರು? ಪರೀಕ್ಷೆ ಇಡಲಿ, ಉತ್ತರ ಸರಿಯಿದ್ದರೆ ತೆಗೆದುಕೊಳ್ಳಲಿ, ತಪ್ಪಿದ್ದರೆ ಬಿಡಲಿ. ಗಣಿತದಲ್ಲಿ ಎಂಥ ಮನುಷ್ಯ ಅನ್ನುವ ಪ್ರಶ್ನೆ ಬರುವುದಿಲ್ಲ. ಅವನು ಗಣಿತವನ್ನು ಇಷ್ಟಪಟ್ಟದ್ದೇ ಅದಕ್ಕೆ.

ಶಿರೂರು ದಾಟಿತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಹನ್ನೊಂದನೇ ಹಾಳೆಯಿಂದ ಪ್ರಬಂಧ ಶುರುವಾಗುತ್ತಿತ್ತು. ನೀವು ಸೋತ ಒಂದು ಸಂದರ್ಭವನ್ನು ಬರೆಯಿರಿ. ಅದು ನಿಮ್ಮನ್ನು ಹೇಗೆ ರೂಪಿಸಿತು? ಆರುನೂರೈವತ್ತು ಪದಗಳನ್ನು ಮೀರಬಾರದು. ಎಂದೂ ಸೋಲದ ಹುಡುಗಿ ಏನು ಬರೆದಾಳು ಎಂದು ಒಳಗೊಳಗೇ ಹೆಮ್ಮೆಪಡುತ್ತ ಅವನು ಇಂಗ್ಲಿಷಿನ ಮೊದಲ ಸಾಲಿಗೆ ಬಂದ. "ಹತ್ತು ವರ್ಷದವಳಿದ್ದಾಗ ನಾನು ಒಂದು ಪಟ್ಟಿಯಲ್ಲಿ ಇರಲಿಲ್ಲ." ಅವನು ಆ ಸಾಲನ್ನು ಇನ್ನೊಮ್ಮೆ ಓದಿದ. ಬಸ್ಸು ಗುಂಡಿಯೊಂದಕ್ಕೆ ಇಳಿದು ಎದ್ದಾಗ ಹಾಳೆ ಜಾರಿತು, ಹಿಡಿದುಕೊಂಡ. ಐದನೇ ತರಗತಿಯಲ್ಲಿ ತಾನು ವಸತಿಶಾಲೆಯ ಪ್ರವೇಶ ಪರೀಕ್ಷೆ ಬರೆದದ್ದು, ಪಟ್ಟಿ ಹಚ್ಚಿದ ದಿನ ಅಪ್ಪ ಒಬ್ಬನೇ ನೋಡಲು ಹೋದದ್ದು, ತಾನು ಕಟ್ಟೆಯ ಮೇಲೆ ಕಾಯುತ್ತ ಕೂತದ್ದು, ಅಪ್ಪ ಬಂದು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯದೆಯೇ 'ನಿನ್ನ ನಂಬರ ಇಲ್ಲವ್ವಾ' ಎಂದದ್ದು. ಆಮೇಲೆ ಅಪ್ಪ ತನ್ನ ಪಕ್ಕ ಕೂತು ಹೇಳಿದ ಮಾತು: ಲೆಕ್ಕ ತಪ್ಪಿದಾಗ ಪೂರ್ತಿ ಅಳಿಸಬಾರದು, ಎಲ್ಲಿಯವರೆಗೆ ಸರಿ ಇದೆಯೋ ಆ ಸಾಲಿಗೆ ಹಿಂದಿರುಗಬೇಕು, ಅಲ್ಲಿಂದ ಮತ್ತೆ ಬಿಡಿಸಬೇಕು. ಮರುದಿನದಿಂದ ನಾನು ಬೆಳಿಗ್ಗೆ ಐದಕ್ಕೆ ಏಳತೊಡಗಿದೆ. ಏಳು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ನನ್ನ ತಂದೆ ನನಗೆ ಗೆಲ್ಲುವುದನ್ನು ಕಲಿಸಲಿಲ್ಲ, ಸೋತದ್ದನ್ನು ನೇರವಾಗಿ ನೋಡುವುದನ್ನು ಕಲಿಸಿದರು. ಹೀಗೆ ಬರೆದಿದ್ದಳು. ಹದಿನಾಲ್ಕನೇ ಹಾಳೆಯ ಮೇಲೆ, ಚೌಕದ ಮೇಲುಗಡೆ, ಪಾಲಕರ ಘೋಷಣೆ: ಈ ಅರ್ಜಿಯಲ್ಲಿ ಬರೆದದ್ದೆಲ್ಲವೂ ನಾನು ತಿಳಿದ ಮಟ್ಟಿಗೆ ಸತ್ಯವೆಂದು ದೃಢೀಕರಿಸುತ್ತೇನೆ.

ನಂಬರು ಇತ್ತು. ಶಿಕ್ಷಣ ಇಲಾಖೆಯ ಕಚೇರಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯ ಎರಡನೇ ಕಾಲಮ್ಮಿನಲ್ಲಿ, ಮೇಲಿನಿಂದ ಒಂಬತ್ತನೆಯದು, ೪೦೪೦೧. ಹಾಲ್ ಟಿಕೆಟು ಬಂದ ದಿನವೇ ಅವನು ಮಗಳಿಗೆ ಹೇಳಿದ್ದ, ಇದು ಇನ್ನೂರಾ ಒಂದರ ವರ್ಗ, ಇಂಥ ನಂಬರು ಎಲ್ಲರಿಗೂ ಸಿಗುವುದಿಲ್ಲ ಎಂದು. ಪಟ್ಟಿಯ ಮುಂದೆ ನಿಂತು ಅವನು ಮೂರು ಸಲ ಬೆರಳಿಟ್ಟು ನೋಡಿದ್ದ. ಮೊದಲು ಬಂದದ್ದು ಸಂತೋಷವೇ. ಪೇಢೆ ಒಯ್ಯಬೇಕೆಂದು ಅಂಗಡಿಯ ಮುಂದೆ ನಿಂತೂ ಇದ್ದ. ಮುಂದಿನವರಿಗೆ ಅಂಗಡಿಯವನು ಕಟ್ಟಿಕೊಡುವಷ್ಟು ಹೊತ್ತು, ಹೆಚ್ಚೆಂದರೆ ಐದು ನಿಮಿಷ, ಆ ಐದು ನಿಮಿಷದಲ್ಲಿ ಅವನಿಗೆ ಸಂಜೆ ಏಳು ಗಂಟೆಯ ತನ್ನ ಮನೆ ಕಾಣಿಸಿತು. ಸಾಲಿಯಲ್ಲಿ ಅವನ ಮಾತನ್ನು ಮಕ್ಕಳು ಬರೆದುಕೊಳ್ಳುತ್ತಿದ್ದವು, ಕೇಳುತ್ತಿರಲಿಲ್ಲ. ಹೆಂಡತಿ ದುರಗವ್ವನಿಗೆ ಅಂಗನವಾಡಿಯ ರಿಜಿಸ್ಟರು ತುಂಬುವುದೇ ಆಗುತ್ತಿತ್ತು. ಕುರಿಯ ಹಿಂದೆ ನಡೆದು ಬದುಕು ಸವೆಸಿದ ಅವ್ವ ಲಗಮವ್ವನಿಗೆ ಮಗ ಮಾಸ್ತರನಾದದ್ದು ಹೆಮ್ಮೆ, ಆದರೆ ಅವನು ಏನು ಕಲಿಸುತ್ತಾನೆ ಎಂದು ಆಕೆ ಒಮ್ಮೆಯೂ ಕೇಳಿದವಳಲ್ಲ. ಏಳು ಗಂಟೆಗೆ ಪಾಟಿ ಹಿಡಿದು ಎದುರಿಗೆ ಕೂತು, ಅವನು ಒಂದು ಲೆಕ್ಕವನ್ನು ಎರಡು ಬಗೆಯಲ್ಲಿ ಬಿಡಿಸಿದರೆ ಬಾಯಿ ತೆರೆದು ನೋಡುತ್ತಿದ್ದ ಒಂದೇ ಜೀವ ಮಗಳು. ವಸತಿಶಾಲೆಯಲ್ಲಿ ಅವಳಿಗೆ ಅವನಿಗಿಂತ ಒಳ್ಳೆಯ ಮಾಸ್ತರರು ಸಿಗುತ್ತಿದ್ದರು. ಖಂಡಿತ ಸಿಗುತ್ತಿದ್ದರು. ಅವನು ಪೇಢೆ ಕೊಳ್ಳದೆ ಗಾಡಿ ಹತ್ತಿದ್ದ. ಮುಂದಿನ ವರ್ಷಗಳಲ್ಲಿ ಇದಕ್ಕೆ ಅವನು ಬೇರೆ ಬೇರೆ ಕಾರಣ ಕೊಟ್ಟುಕೊಂಡಿದ್ದ. ಹತ್ತು ವರ್ಷದ ಹೆಣ್ಣುಹುಡುಗಿ ಹಾಸ್ಟೆಲಿನಲ್ಲಿ ಹೇಗಿದ್ದಾಳು, ಅಲ್ಲಿಯ ನೀರು ಒಗ್ಗುವುದಿಲ್ಲ, ಅವ್ವ ಒಪ್ಪುತ್ತಿರಲಿಲ್ಲ. ಅವ್ವನನ್ನು ಕೇಳಿಯೇ ಇರಲಿಲ್ಲ.

"ಹುನಗುಂದ, ಹುನಗುಂದ, ಇಳೀರಿ ಲಗೂ," ಎಂದು ಕಂಡಕ್ಟರ್ ಕೂಗಿದಾಗ ಅವನು ಹಾಳೆಗಳನ್ನು ಚೀಲಕ್ಕೆ ತುರುಕಿ ಇಳಿದ. ಒಂದು ಮೂಲೆ ಮಡಚಿಕೊಂಡಿತು. ಪ್ರಾರ್ಥನೆಯಲ್ಲಿ ನಿಂತಾಗ, ಒಂಬತ್ತನೇ ತರಗತಿಯಲ್ಲಿ ಬಹುಪದಗಳ ಲೆಕ್ಕ ಬಿಡಿಸುವಾಗ, ಅವನ ತಲೆಯಲ್ಲಿ ಓಡುತ್ತಿದ್ದುದು ಪಶ್ಚಾತ್ತಾಪವಲ್ಲ, ಸಿಡಿಮಿಡಿ. ಬರೆಯಲು ಅವಳಿಗೆ ಬೇರೆ ಸೋಲೇ ಸಿಗಲಿಲ್ಲವೇ? ಎಂಟನೇ ತರಗತಿಯ ಭಾಷಣ ಸ್ಪರ್ಧೆಯಲ್ಲಿ ಮಧ್ಯೆ ಮರೆತು ನಿಂತಿರಲಿಲ್ಲವೇ? ಸೈಕಲ್ ಕಲಿಯುವಾಗ ಮೊಣಕಾಲು ಒಡೆದುಕೊಂಡು ಬಿಟ್ಟುಬಿಟ್ಟಿರಲಿಲ್ಲವೇ? ಅವೆಲ್ಲ ಬಿಟ್ಟು ಇದನ್ನೇ ಹಿಡಿಯಬೇಕೇ? ಬೋರ್ಡಿನ ಮೇಲೆ ಅವನು ಬರೆದ ಋಣ ಚಿಹ್ನೆ ಧನವಾಗಿಬಿಟ್ಟಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಮೂರನೇ ಸಾಲ ತಪ್ಪೇತ್ರಿ," ಎಂದಳು. "ಗೊತ್ತೈತಿ, ನೀವು ನೋಡ್ತೀರೋ ಇಲ್ಲೋ ಅಂತ ಬರದೇನಿ, ಕೂಡು," ಎಂದ. ಹುಡುಗಿ ನಂಬಿದಳು. ಎಷ್ಟು ಸುಲಭವಾಗಿ ನಂಬಿದಳೆಂದು ಅವನಿಗೆ ಅವಳ ಮೇಲೂ ಸಿಟ್ಟು ಬಂತು.

ಸಾಲಿ ಬಿಟ್ಟ ಮೇಲೆ ಹೆಡ್ಮಾಸ್ತರ ಲಾಡಸಾಬ ಎಲ್ಲರನ್ನೂ ಕೂರಿಸಿಕೊಂಡು ಪರೀಕ್ಷೆಯ ತಯಾರಿಯ ಬಗ್ಗೆ ಒಂದೂವರೆಯವರೆಗೆ ಮಾತಾಡಿದರು. ಮೇ ತಿಂಗಳಿಗೆ ನಿವೃತ್ತರಾಗುವವರು. ಎದುರಿಗೆ ಕೂತವರನ್ನು ಬೇಗ ಬಿಡಲು ಅವರಿಗೆ ಈಚೆಗೆ ಮನಸ್ಸಾಗುತ್ತಿರಲಿಲ್ಲ. ಎಲ್ಲ ಹೋದ ಮೇಲೂ ಲಕ್ಷ್ಮಣ ನಿಂತೇ ಇದ್ದ. "ಸರ್, ನಿಮ್ಮ ಹಂತ್ಯಾಕ ನೀಲಿ ಪೆನ್ ಐತೇನ್ರಿ?" ಲಾಡಸಾಬ ಜೇಬಿನಿಂದ ತೆಗೆದುಕೊಡುತ್ತ, "ಏನ್ ಅರ್ಜಿ ಅದು? ಮಗಳದಾ?" ಎಂದರು. ಲಕ್ಷ್ಮಣ ಹೇಳಿದ, ದೊಡ್ಡ ಕಾಲೇಜು, ನೂರಕ್ಕೆ ನಾಲ್ಕು ಜನ. ಆಮೇಲೆ, ಬೇರೆ ಯಾರದೋ ಮಾತು ಎನ್ನುವ ಹಾಗೆ, "ಅರ್ಜಿದಾಗ ಒಂದ ವಿಷಯ ಸುಳ್ಳಿತ್ತಂದ್ರ ಪಾಲಕರು ಸಹಿ ಮಾಡಬಹುದೇನ್ರಿ ಸರ್?" ಎಂದು ಕೇಳಿದ. ಲಾಡಸಾಬ ನಕ್ಕರು. "ಏನ್ ಕೇಳ್ತೀಯೋ ಮಾರಾಯಾ. ಅರ್ಜಿದಾಗ ಯಾರ ಪೂರಾ ಖರೆ ಬರೀತಾರ? ಮಾಡಿ ಕೊಡು." ಕನ್ನಡಕ ಒರೆಸಿಕೊಳ್ಳುತ್ತ ಮುಂದುವರಿಸಿದರು. "ಮತ್ತ ಅದನ್ನೂ ಬರೀಸಿಯಿಲ್ಲೋ? ಸಣ್ಣಾಕಿ ಇದ್ದಾಗ ಆ ವಸತಿಸಾಲಿಗೆ ಪಾಸ್ ಆಗಿದ್ದಳಲ್ಲ. ನೀ ಸಾಲಿ ವಿಳಾಸ ಕೊಟ್ಟಿದ್ದಿ, ಪತ್ರ ನಮ್ಮ ಸಾಲಿಗೇ ಬಂದಿತ್ತು, ನಾನ ನಿನ್ನ ಕೈಯಾಗ ಕೊಟ್ಟಿದ್ದೆ. ನೀ ನಿಮ್ಮವ್ವಗ ಆರಾಮ ಇಲ್ಲ ಅಂತ ಕಳಸಲಿಲ್ಲ. ಅಂಥಾದ್ದು ಬರದ್ರ ಆ ಮಂದಿಗೆ ಗೊತ್ತಾಗ್ತೈತಿ, ಹುಡುಗಿ ಮೊದಲಿಂದಾನೂ ಶಾಣ್ಯಾಕಿ ಅಂತ." ಲಕ್ಷ್ಮಣ ಹೌದು ಎನ್ನುವ ಹಾಗೆ ತಲೆಯಾಡಿಸಿದ. ಲಾಡಸಾಬ ಎಂದಾದರೂ ಬಾಗಲಕೋಟೆಗೆ ಬಂದಾಗ ಈ ಮಾತನ್ನು ಮಗಳ ಮುಂದೆ ಆಡಬಹುದಿತ್ತು. ಏಳು ವರ್ಷದಲ್ಲಿ ಯಾವತ್ತಾದರೂ ಆಡಬಹುದಿತ್ತು. ಅದಕ್ಕೆಂದೇ ಅವನು ಮೂರು ಸಲ ಅವರನ್ನು ಮನೆಗೆ ಕರೆಯುವುದನ್ನು ತಪ್ಪಿಸಿದ್ದ. ಒಮ್ಮೆ ಅವ್ವ ತೀರಿಕೊಂಡಾಗ.

ವಾಪಸು ಬಸ್ಸು ಅಮೀನಗಡ ಬಿಟ್ಟು ಸ್ವಲ್ಪ ದೂರ ಬಂದು ಟೈರು ಪಂಕ್ಚರಾಗಿ ನಿಂತಿತು. ಜನ ಇಳಿದು ಜಾಲಿಯ ನೆರಳಿಗೆ ಹೋದರು. ಅವನು ಒಳಗೇ ಕೂತ. ಫೋನು ಬಂತು. "ಎಲ್ಲಿದಿ ಅಪ್ಪಾ?" "ಬಸ್ ನಿಂತೈತಿ. ಟೈಯರ್ ಹೋಗೇತಿ." "ಅಯ್ಯೋ ದೇವರೇ! ಸಹಿ ಮಾಡಿಯಿಲ್ಲೋ? ಅಲ್ಲೇ ಮಾಡಿ ಫೋಟೋ ಹೊಡದು ಕಳಸ, ನಾ ಸೇರಸ್ತೇನಿ." "ಬರ್ತೇನಿ ಬಿಡು, ಇನ್ನಾ ಹೊತ್ತೈತಿ," ಎಂದು ರೇಗಿ ಫೋನಿಟ್ಟ. ಚೀಲದ ಮೇಲೆ ಹದಿನಾಲ್ಕನೇ ಹಾಳೆ ಇಟ್ಟು ಲಾಡಸಾಬರ ಪೆನ್ನು ತೆರೆದ. ಮಾಡಿಬಿಡಬಹುದಿತ್ತು. ಬಸ್ಸು ಅಲುಗುತ್ತಿರಲಿಲ್ಲ, ಶಾಯಿ ನೀಲಿಯಿತ್ತು, ಚೌಕ ಸಾಕಷ್ಟು ದೊಡ್ಡದಿತ್ತು. ಆ ಪತ್ರವನ್ನು ಅವನು ಹರಿದದ್ದೂ ಇದೇ ದಾರಿಯ ಬಸ್ಸಿನಲ್ಲಿ, ಕಮತಗಿ ದಾಟಿದ ಮೇಲೆ. ನಾಲ್ಕು ಮಾಡಿ, ಎಂಟು ಮಾಡಿ, ಹದಿನಾರು ಮಾಡಿ ಕಿಟಕಿಯಿಂದ ಹೊರಗೆ ಬಿಟ್ಟಿದ್ದ. ಗಾಳಿಗೆ ಅವು ಹಿಂದಿನ ಕಿಟಕಿಯಿಂದ ಒಳಗೆ ಬಂದು, ಹಿಂದೆ ಕೂತಿದ್ದ ಹೆಂಗಸಿನ ಮೈಮೇಲೆ ಬಿದ್ದಿದ್ದವು. "ಏ ಯಪ್ಪಾ, ನಿನ್ನ ಕಸಾ ನನ್ನ ಮ್ಯಾಲ ಯಾಕ ಒಗೀತಿ? ನೋಡಾಕ ಮಾಸ್ತರ ಕಂಡಂಗ ಕಾಣ್ತಿ," ಎಂದು ಆಕೆ ಬಸ್ಸಿಗೆಲ್ಲ ಕೇಳುವಂತೆ ಅಂದಿದ್ದಳು. ಅವನು ಎದ್ದು ಹಿಂದೆ ಹೋಗಿ, ಆಕೆಯ ಕಾಲ ಬಳಿ ಬಗ್ಗಿ ಚೂರುಗಳನ್ನು ಒಂದೊಂದಾಗಿ ಆರಿಸಿ ಕಿಸೆಗೆ ಹಾಕಿಕೊಂಡಿದ್ದ. ಒಂದು ಚೂರಿನ ಮೇಲೆ 'ಅಭಿನಂದ' ಎಂದಷ್ಟೇ ಇತ್ತು. ಈಗ ಹಾಳೆಯ ಮೇಲೆ ಪೆನ್ನಿನ ಮೊನೆ ಒಂದು ಚುಕ್ಕೆ ಮಾಡಿತು. ಅವನು ಕ್ಯಾಪು ಹಾಕಿದ. ಒಳ್ಳೆಯತನದಿಂದಲ್ಲ, ಕೈ ಏಳಲೇ ಇಲ್ಲ, ಅಷ್ಟೇ. ತನ್ನ ಕೈಯ ಮೇಲೂ ಅವನಿಗೆ ಬೇಸರ ಬಂತು.

ಮನೆ ಮುಟ್ಟಿದಾಗ ನಾಲ್ಕೂ ಹತ್ತು. ದುರಗವ್ವ ಪಡಸಾಲೆಯಲ್ಲಿ ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ಸುಧಾರಾಣಿ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದಳು. ಅವನು ಹಾಳೆಗಳನ್ನು ಕೊಡಲಿಲ್ಲ. ಬೂಟು ಬಿಚ್ಚಲು ಕೂತ. ಗಂಟು ಬಿಗಿದಿತ್ತು.

"ಇದ್ರಾಗ ಒಂದ ತಪ್ಪ ಐತಿ," ಎಂದ.

"ಸ್ಪೆಲ್ಲಿಂಗಾ? ನಾಗರತ್ನಾ ಮೇಡಂ ಮೂರ ಸಲ ನೋಡ್ಯಾರ." ನಾಗರತ್ನಾ ಮೇಡಂ ಅವಳ ಪಿಯು ಕಾಲೇಜಿನ ಇಂಗ್ಲಿಷ್ ಲೆಕ್ಚರರ್, ಈ ಅರ್ಜಿಯನ್ನು ಮನೆಗೆ ತಂದವರೇ ಅವರು.

"ಸ್ಪೆಲ್ಲಿಂಗ್ ಅಲ್ಲ. ನೀ ಆ ಪರೀಕ್ಷಾದಾಗ ಫೇಲ್ ಆಗಿದ್ದಿಲ್ಲ."

ಅವಳಿಗೆ ಅರ್ಥವಾಗಲಿಲ್ಲ, ಪ್ರಬಂಧ ಹೇಗೆ ಬರೆಯಬೇಕೆಂದು ಅಪ್ಪ ಸಲಹೆ ಕೊಡುತ್ತಿದ್ದಾನೆ ಎಂದುಕೊಂಡಳು. ಹಣೆ ಚಚ್ಚಿಕೊಂಡು ನಕ್ಕಳು. "ಹಂಗ ಬರದ್ರ ಸೋಲು ಎಲ್ಲಿಂದ ಬರ್ತೈತಿ ಅಪ್ಪಾ? ಅವರು ಕೇಳಿದ್ದ ಸೋಲು. ಕೊಡಿಲ್ಲಿ, ಟೈಮಿಲ್ಲ."

"ಬರಿಯೂ ಮಾತಲ್ಲವ್ವಾ. ಖರೇನ ಪಾಸ್ ಆಗಿದ್ದಿ. ಪಟ್ಟಿದಾಗ ನಿನ್ನ ನಂಬರ ಇತ್ತು. ಪತ್ರಾನೂ ಬಂದಿತ್ತು."

ಶೇಂಗಾ ಒಡೆಯುವ ಸದ್ದು ನಿಂತಿತು.

"ಯಾವ ನಂಬರ?" ಎಂದಳು ಸುಧಾರಾಣಿ.

"ನಾಲ್ವತ್ತು ಸಾವಿರದ ನಾಕನೂರಾ ಒಂದು."

ಇನ್ನೂರಾ ಒಂದರ ವರ್ಗ ಎಂದು ಅವಳು ಬಾಯಲ್ಲಿ ಅನ್ನಲಿಲ್ಲ, ಆದರೆ ಅದು ಅವಳ ಮುಖದ ಮೇಲೆ ಹಾದುಹೋದದ್ದು ಅವನಿಗೆ ಕಂಡಿತು. ಪತ್ರ ಎಲ್ಲಿದೆ ಎಂದು ಕೇಳಿದಳು. ಹರಿದೆ ಎಂದ. ಯಾಕೆ ಎಂದು ಕೇಳುತ್ತಾಳೆಂದು ಅವನು ಕಾದ. ಬಸ್ಸಿನಲ್ಲಿ ಅದಕ್ಕೊಂದು ಉತ್ತರ ಕಟ್ಟಿಕೊಂಡಿದ್ದ, ಸಾಧ್ಯವಿದ್ದಷ್ಟು ನಿಜವಾದದ್ದು. ಅವಳು ಅದನ್ನು ಕೇಳಲಿಲ್ಲ. ಗೋಡೆಯ ಗಡಿಯಾರ ನೋಡಿದಳು.

"ಇವತ್ತ ಯಾಕ ಹೇಳಿದ್ರಿ?"

ಹುಟ್ಟಿದಾಗಿನಿಂದ ಅವನನ್ನು ನೀ ಎನ್ನುತ್ತಿದ್ದ ಹುಡುಗಿ 'ರಿ' ಹಚ್ಚಿದ್ದಳು. ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು. "ಸುಳ್ಳಿಗೆ ಹೆಂಗ ಸಹಿ ಮಾಡ್ಲಿ ಸುಧಾ? ಅದಕ್ಕ..."

"ಏಳ ವರ್ಷ ಸುಮ್ಮ ಇದ್ರಿ. ಇನ್ನೆರಡ ತಾಸ ಸುಮ್ಮ ಇರಾಕ ಆಗ್ಲಿಲ್ಲೇನ್ರಿ?" ಅವಳ ದನಿ ಏರಿರಲಿಲ್ಲ, ದಣಿದಿತ್ತು. "ಅಂದ್ರ ನಿಮ್ಮ ಸಹಿ ಸಲುವಾಗಿ ಹೇಳಿದ್ರಿ. ನನ್ನ ಸಲುವಾಗಿ ಅಲ್ಲ."

"ಹಂಗಲ್ಲವ್ವಾ."

"ಐದಕ್ಕ ಏಳ್ತೇನಿ ನಾನು. ದಿನಾ. ಥಂಡಿ ಇರ್ಲಿ, ಜ್ವರ ಬರ್ಲಿ. ನಾ ಸೋತಾಕಿ, ನನಗ ಮಲಗೂ ಹಕ್ಕಿಲ್ಲ ಅಂತ ಏಳ್ತೇನಿ. ಈಗ ಅದೂ ನಂದಲ್ಲ ಅಂತ ಹೇಳಾಕ ಹತ್ತೀರಿ. ನಾ ಏನ್ ಬರೀಲಿ ಈಗ? ಹೇಳ್ರಿ. ಎರಡ ತಾಸೂ ಇಲ್ಲ. ಆರನೂರಾ ಐವತ್ತು ಶಬ್ದ. ಮಾಸ್ತರ ಅದೀರಿ, ಹೇಳ್ರಿ."

ಅವಳು ಹಾಳೆಗಳನ್ನು ಅವನ ತೊಡೆಯ ಮೇಲಿನಿಂದ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆಲ್ಲಗೆ ಹಾಕಿದಳು.

ದುರಗವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಅವನೂ ಏನಾದರೂ ಅನ್ನಬಹುದಿತ್ತು, ಮಾತಿಗೆ ಮಾತು ಬೆಳೆದು ಇದು ಗಂಡಹೆಂಡಿರ ದಿನನಿತ್ಯದ ಜಗಳವಾಗಿ ತೀರಬಹುದಿತ್ತು. "ಅವತ್ತ ಅಕೀಗೆ ಜ್ವರ ಇತ್ತರಿ," ಎಂದಳು ದುರಗವ್ವ. "ಪರೀಕ್ಷಾದ ದಿನ. ಮುಂಜಾನೆ ನಾ ತಲೀ ಹಿಕ್ಕಲಾಕ ಕುಂತಾಗ ಮೈ ಬಿಸಿ ಹತ್ತಿತ್ತು. ಅಂಗನವಾಡಿಗೆ ಸಾಹೇಬ್ರು ಬರೂರಿದ್ರು, ನಾ ನೋಡಿದ್ರೂ ನೋಡದಂಗ ಕಳಿಸಿದೆ. ನನ್ನ ಸಲುವಾಗಿ ಹುಡುಗಿ ಫೇಲ್ ಆತು ಅಂತ... ನಿಮ್ಮ ಮುಂದ ಅತ್ತಿದ್ದೆ ನಾ. ನೆನಪೈತೇನ್ರಿ ನಿಮಗ?" ನೆನಪಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆಕೆ ಅತ್ತದ್ದು, ಅವನು ಪಕ್ಕ ನಿಂತು, ಹೋಗಲಿ ಬಿಡು, ಇನ್ನು ಮುಂದೆ ನೋಡಿಕೋ ಎಂದದ್ದು. ಇನ್ನು ಮುಂದೆ ನೋಡಿಕೋ. ಅಷ್ಟು ಉದಾರವಾಗಿ ಕ್ಷಮಿಸಿದ್ದ. ಆಮೇಲೆ ಎಷ್ಟೋ ದಿನ, ಸಾರಿಗೆ ಉಪ್ಪು ಹೆಚ್ಚಾದರೂ ಆಕೆ ಎದುರು ಮಾತಾಡದೆ ತಲೆ ತಗ್ಗಿಸಿದಾಗ, ಯಾಕೆ ಎಂದು ಗೊತ್ತಿದ್ದೂ ಅವನು ಆ ತಗ್ಗಿದ ತಲೆಯ ಅನುಕೂಲ ಪಡೆದಿದ್ದ. ದುರಗವ್ವ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಶೇಂಗಾ ಒಡೆಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

ಐದು ಗಂಟೆ ದಾಟಿದ ಮೇಲೆ ಒಳಕೋಣೆಯ ಬಾಗಿಲು ಅರ್ಧ ತೆರೆಯಿತು. ಸುಧಾರಾಣಿಯ ಕಣ್ಣುಗಳು ಕೆಂಪಾಗಿದ್ದವು, ಆದರೆ ಅವಳ ಗಮನ ಬೇರೆಲ್ಲೋ ಇತ್ತು; ಕಷ್ಟದ ಲೆಕ್ಕದ ಮಧ್ಯದಲ್ಲಿದ್ದಾಗ ಹೀಗೇ ಇರುತ್ತಿದ್ದಳು.

"ಆ ಪತ್ರ ಹರದಾಗ ಬಸ್ಸು ಯಾವ ಊರ ದಾಟಿತ್ತು?"

"ಕಮತಗಿ."

"ಕಿಟಕಿ ಕಡೆ ಕುಂತಿದ್ರೇನು?"

"ಹೂಂ. ಚೂರು ಎಲ್ಲಾ ಹಿಂದಿನ ಸೀಟಿನ ಹೆಣಮಗಳ ಮ್ಯಾಲ ಬಿದ್ವು. ಬೈದಳು. ಆರಿಸಿದೆ."

ಅವಳು, "ಎಲ್ಲಾ ಆರಿಸಿದ್ರಿ?" ಎಂದು ಕೇಳಿದಳು. ಎಲ್ಲಾ ಎಂದ. ಬಾಗಿಲು ಮುಚ್ಚಿತು. ಕೀಲಿಗಳ ಮೇಲೆ ಬೆರಳು ಓಡುವ ಸದ್ದು ಕೇಳಿಸುತ್ತಿತ್ತು. ತಾನು ಆ ಆರುನೂರೈವತ್ತು ಪದಗಳ ಒಳಗೆ ಹೋಗುತ್ತಿದ್ದೇನೆ, ದಿಲ್ಲಿಯ ಆಚೆ ಯಾರೋ ಕನ್ನಡಕದವರು ಅದನ್ನು ಓದಿ ಇವನೆಂಥ ಮನುಷ್ಯ ಎಂದು ನೋಡುತ್ತಾರೆ ಎಂದು ಅವನಿಗೆ ತಿಳಿಯಿತು. ಒಂದು ಕಡೆ ಬೂಟು ಕಾಲಲ್ಲೇ ಇತ್ತು. ಬಿಚ್ಚಿದರೆ ಸದ್ದಾದೀತೆಂದು ಹಾಗೇ ಕೂತ.

ಐದೂ ಮುಕ್ಕಾಲಿಗೆ ಅವಳು ಒಳಕೋಣೆಯ ಪ್ರಿಂಟರಿನಲ್ಲಿ ಹೊಸದಾಗಿ ಮುದ್ರಿಸಿದ ಹಾಳೆಗಳನ್ನು ತಂದು ಟೀಪಾಯಿಯ ಮೇಲೆ ಇಟ್ಟಳು. ಮೇಲೆ ಒಂದು ನೋಟ್‌ಬುಕ್ ಅಡ್ಡ ಇಟ್ಟಿದ್ದಳು; ಸಹಿಯ ಚೌಕ ಮತ್ತು ಅದರ ಮೇಲಿನ ಘೋಷಣೆ ಮಾತ್ರ ಕಾಣುತ್ತಿದ್ದವು. ಬರೆದದ್ದೆಲ್ಲವೂ ನಾನು ತಿಳಿದ ಮಟ್ಟಿಗೆ ಸತ್ಯ.

"ಓದಬ್ಯಾಡ್ರಿ. ಸಹಿ ಮಾಡ್ರಿ."

ಅವನು ಲಾಡಸಾಬರ ಪೆನ್ನು ತೆಗೆದ. ಅವಳ ಬೆರಳು ನೋಟ್‌ಬುಕ್ಕಿನ ಅಂಚನ್ನು ಒತ್ತಿ ಹಿಡಿದಿತ್ತು, ಉಗುರು ಬೆಳ್ಳಗಾಗಿತ್ತು. ಅವನು ಸಹಿ ಮಾಡಿದ. ಎಂದಿಗಿಂತ ಸಣ್ಣದಾಗಿ ಬಂತು. ಅವಳು ನೋಟ್‌ಬುಕ್ ಸಮೇತ ಹಾಳೆಗಳನ್ನು ಎತ್ತಿಕೊಂಡು ಹೋದಳು. ಆರಕ್ಕೆ ಆರು ನಿಮಿಷವಿದ್ದಾಗ ಒಳಗಿನಿಂದ, ದುರಗವ್ವನನ್ನು ಕರೆದು, "ಹೋತು ಬೇ, ಸೇರ್ತು," ಎಂದದ್ದು ಕೇಳಿಸಿತು.

ಆಮೇಲಿನ ಎರಡು ತಿಂಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಲಕ್ಷ್ಮಣ ದಿನವೂ ಹುನಗುಂದಕ್ಕೆ ಹೋಗಿ ಬಂದ. ದುರಗವ್ವ ಮಾತು ಬಿಟ್ಟಿರಲಿಲ್ಲ, ಆದರೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಒಮ್ಮೆ ಗೊಣಗಿದಾಗ ತಲೆಯೆತ್ತಿ, "ಹೆಚ್ಚಾಗೇತಿ. ನೀರ ಹಾಕ್ಕೊಳ್ರಿ," ಎಂದಳು. ಸುಧಾರಾಣಿ ಪಿಯು ಪರೀಕ್ಷೆ ಬರೆದಳು. ಐದಕ್ಕೆ ಏಳುವುದನ್ನು ಬಿಟ್ಟಳು. ಒಂದು ವಾರ ಎಂಟರವರೆಗೆ ಮಲಗಿದಳು, ಆಮೇಲೆ ಆರೂವರೆಗೆ ಏಳತೊಡಗಿದಳು. ಹೊಸ ಪ್ರಬಂಧದಲ್ಲಿ ಏನಿತ್ತೆಂದು ಅವನು ಕೇಳಲಿಲ್ಲ. ಒಮ್ಮೆ ಅವಳಿಲ್ಲದಾಗ ಲ್ಯಾಪ್‌ಟಾಪಿನ ಮುಂದೆ ಹೋಗಿ ನಿಂತಿದ್ದ, ಮುಚ್ಚಳ ಎತ್ತಿರಲಿಲ್ಲ. ಎತ್ತದೆ ಹಿಂದಿರುಗಿದ್ದಕ್ಕೆ ತನ್ನನ್ನು ತಾನು ಮೆಚ್ಚಿಕೊಂಡ, ಮೆಚ್ಚಿಕೊಂಡದ್ದಕ್ಕೆ ನಾಚಿದ. ಹೀಗೆ ತನ್ನೊಳಗೆ ನಡೆಯುವ ಪ್ರತಿಯೊಂದನ್ನೂ ತಾನೇ ತಿರುಗಿ ನೋಡಿ ತಿದ್ದುವ ಹೊಸ ರೋಗದಿಂದ ಅವನಿಗೆ ಸಾಕುಬೇಕಾಗಿತ್ತು.

ಮಾರ್ಚಿ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಅವನು ಸಂತೆಯಿಂದ ಕಾಯಿಪಲ್ಲೆ ತಂದಾಗ ಸುಧಾರಾಣಿ ಕಟ್ಟೆಯ ಮೇಲೆ ಕೂತಿದ್ದಳು. ಫೋನು ಪಕ್ಕದಲ್ಲಿತ್ತು. ಅಳುತ್ತಿರಲಿಲ್ಲ, ಅತ್ತು ಮುಗಿಸಿದ್ದಳು.

"ಆಗಲಿಲ್ರಿ," ಎಂದಳು. "ಪ್ರಬಂಧ ಭಾಳ ಚಲೋ ಇತ್ತಂತ, ಬರದಾರ. ಆದ್ರ ತಗೊಳ್ಳೂದಿಲ್ಲಂತ."

ಲಕ್ಷ್ಮಣ ಚೀಲ ಕೆಳಗಿಟ್ಟ. ದುಃಖ ಬರುವ ಮೊದಲು, ಅಯ್ಯೋ ಎನ್ನುವ ಮೊದಲು, ಎದೆಯ ಕೆಳಗೆ ಏನೋ ಸಡಿಲವಾಗಿ ಬೆಚ್ಚಗೆ ಹರಡಿತು. ಹುಡುಗಿ ಇಲ್ಲೇ ಇರುತ್ತಾಳೆ. ಬಾಗಲಕೋಟೆಯಲ್ಲೋ ಧಾರವಾಡದಲ್ಲೋ, ಬಸ್ಸು ಹತ್ತಿದರೆ ಮುಟ್ಟುವಷ್ಟು ದೂರದಲ್ಲಿ. ಅವನು ಆ ಸುಖವನ್ನು ಗುರುತು ಹಿಡಿದ, ಪೇಢೆ ಕೊಳ್ಳದೆ ಗಾಡಿ ಹತ್ತಿದ ದಿನದ್ದೇ ಅದು. ವರ್ಷಗಳಾದರೂ ಅದು ಸ್ವಲ್ಪವೂ ಮುದಿಯಾಗಿರಲಿಲ್ಲ, ಕಲಿತಿರಲೂ ಇಲ್ಲ. ಇನ್ನು ಒಂದು ಗಳಿಗೆಯಲ್ಲಿ ಅದಕ್ಕೆ ಒಂದು ಒಳ್ಳೆಯ ಹೆಸರು ಸಿಗುತ್ತಿತ್ತು: ಹೋಗಲಿ ಬಿಡವ್ವಾ, ಎಲ್ಲಾ ಒಳ್ಳೇದಕ್ಕೇ. ಬಾಯಿಗೆ ಬಂದೂ ಇತ್ತು. ಅವನು ಅದನ್ನು ನುಂಗಿಕೊಂಡು, ಮಗಳ ಮುಖ ನೋಡಲಾಗದೆ ಚೀಲದಿಂದ ಇಣುಕುತ್ತಿದ್ದ ಮೆಂತ್ಯೆಸೊಪ್ಪನ್ನು ನೋಡುತ್ತ ಹೇಳಿದ.

"ಸುಧಾ, ಆಗಲಿಲ್ಲ ಅಂದ ಕೂಡಲೇ ನನಗ ಒಳಗ ಖುಷಿ ಆತು. ಮೊದಲ ಖುಷಿ ಆತು. ಕೆಟ್ಟ ಅನಸಿದ್ದು ಆಮ್ಯಾಲ."

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಎದುರು ಮನೆಯವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಕೆಮ್ಮುತ್ತಿದ್ದರು.

"ಕಾಣಸ್ತರಿ, ಮಾರಿ ಮ್ಯಾಲ," ಎಂದಳು.

ಆಮೇಲೆ ಫೋನು ಎತ್ತಿಕೊಂಡು ಎದ್ದಳು. ಕೋಲ್ಕತ್ತಾ ಕಡೆ ಇನ್ನೊಂದು ಸಂಸ್ಥೆಯಿದೆ, ಬರೇ ಗಣಿತ, ಇಡೀ ದೇಶಕ್ಕೆ ಕೆಲವೇ ಸೀಟು. ಪ್ರಬಂಧ ಗಿಬಂಧ ಇಲ್ಲ, ಪರೀಕ್ಷೆಯೊಂದೇ. ಅರ್ಜಿ ಹೋದ ವಾರವೇ ಹಾಕಿದ್ದೇನೆ, ನಿಮ್ಮ ಸಹಿ ಅದಕ್ಕೆ ಬೇಕಾಗಲಿಲ್ಲ ಎಂದು, ಯಾವುದೋ ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಹೇಳಿದಳು. ಅವನು ತಲೆಯಾಡಿಸಿದ. ಒಳಗೆ ಹೋಗಲು ತಿರುಗಿದವಳು ಹೊಸ್ತಿಲಲ್ಲಿ ನಿಂತಳು.

"ಈ ಸಲ ಲಗೂನ ಹೇಳಿದ್ರಿ," ಎಂದಳು.

ಅದು ಹೊಗಳಿಕೆಯೋ ಚುಚ್ಚುಮಾತೋ ಅವನಿಗೆ ತಿಳಿಯಲಿಲ್ಲ. ಕೇಳಲು ಹೋಗಲಿಲ್ಲ. ಕಾಯಿಪಲ್ಲೆಯ ಚೀಲ ಎತ್ತಿಕೊಂಡು ಅವಳ ಹಿಂದೆ ಒಳಗೆ ಹೋದ.